ಪಾಠ ಹೇಳೋ ಚಾಟ್‌ಬಾಟ್ ಕಟ್ಟೋ ಮುಂಚೆ ಅದರ ಜಾಗದಲ್ಲಿ ಮನುಷ್ಯರನ್ನ ಕೂರ್ಸಿ
ಪ್ರಾಜೆಕ್ಟಿಗೆ ಅಂತ ಮಕ್ಕಳಿಗೆ ಪಾಠ ಹೇಳೋ ಚಾಟ್‌ಬಾಟ್ ಮಾಡೋಕೆ ಹೊರಟಿದ್ರೆ ಕೋಡ್ ಆಮೇಲಿರ್ಲಿ, ಮೊದಲು ವಿಝಾರ್ಡ್ ಆಫ್ ಆಜ್ ಅನ್ನೋ ವಿಧಾನ ಮಾಡಿ ನೋಡಿ. 1980ರ ದಶಕದಿಂದ ರಿಸರ್ಚಲ್ಲಿ ಬಳಕೆಲಿದೆ. ಮಗು ಒಂದು ರೂಮಲ್ಲಿ ಟೈಪ್ ಮಾಡತ್ತೆ, ಪಕ್ಕದ ರೂಮಲ್ಲಿ ನಿಮ್ಮ ಫ್ರೆಂಡ್ ಕೂತು ಉತ್ತರ ಹೊಡೀತಾರೆ, ಮಗು ಮಾತ್ರ ಕಂಪ್ಯೂಟರ್ ಜೊತೆ ಮಾತಾಡ್ತಿದೀನಿ ಅಂದ್ಕೊಳತ್ತೆ.

ಟಾಪಿಕ್ ಚಿಕ್ಕದಿರ್ಲಿ, "ಬೇಸಿಗೆ ಯಾಕೆ ಬರತ್ತೆ" ಒಂದೇ ಸಾಕು. ಒಂದು ಹಾಳೆಲಿ ಸರಿ ಉತ್ತರದಲ್ಲಿ ಏನೇನ್ ಬರ್ಬೇಕೋ ಬರೀರಿ: ಭೂಮಿ ಅಕ್ಷ 23.5 ಡಿಗ್ರಿ ವಾಲಿದೆ, ಬಿಸಿಲು ನೆಟ್ಟಗೆ ಬೀಳತ್ತೆ, ಹಗಲು ಉದ್ದ ಆಗತ್ತೆ. ಪಕ್ಕದಲ್ಲೇ ಮಕ್ಕಳು ಸಾಮಾನ್ಯವಾಗಿ ಹೇಳೋ ತಪ್ಪು, "ಆಗ ಸೂರ್ಯ ಹತ್ರ ಇರ್ತಾನೆ". ಇದಕ್ಕೆ ಬಾಟ್ ಬರೀ "ತಪ್ಪು" ಅಂದ್ರೆ ಮಗು ಬಾಯಿ ಮುಚ್ಕೊಂಡುಬಿಡತ್ತೆ, ಅದರ ಬದ್ಲು "ಜನವರಿ ಶುರುಲಿ ಭೂಮಿ ಸೂರ್ಯಂಗೆ ಎಲ್ಲಕ್ಕಿಂತ ಹತ್ರ ಇರತ್ತೆ, ಹಂಗಿದ್ರೂ ಆಗ ನಮಗೆ ಯಾಕೆ ಚಳಿ?" ಅಂತ ಕೇಳ್ಬೇಕು. ಅಮೆರಿಕದ ಮೆಂಫಿಸ್ ಯೂನಿವರ್ಸಿಟಿಯ ಆಟೋಟ್ಯೂಟರ್ ಅನ್ನೋ ಪಾಠ ಹೇಳೋ ಪ್ರೋಗ್ರಾಂ ಮಾಡೋದೂ ಇದೇ, ಮೊದಲು "ಇನ್ನೂ ಹೇಳು" ಅನ್ನತ್ತೆ, ಆಮೇಲೆ ಸುಳಿವು ಕೊಡತ್ತೆ, ಆಮೇಲೆ ಒಂದು ಪದ ಬಿಟ್ಟು ಕಲಿಯೋರ ಕೈಲೇ ತುಂಬಿಸತ್ತೆ, ಯಾವ್ದೂ ನಡೀಲಿಲ್ಲ ಅಂದ್ರಷ್ಟೇ ತಾನೇ ಹೇಳತ್ತೆ.

ಒಳಗೆ ಕೂತೋರು ಈ ಹಾಳೆ ಬಿಟ್ಟು ಸ್ವಂತ ಜಾಣತನ ತೋರಿಸ್ಬಾರ್ದು, ಬಿಡಲೇಬೇಕಾಗಿ ಬಂದ್ರೆ ಅಲ್ಲೊಂದು ಗುರುತು ಹಾಕ್ಲಿ. ಪೂರ್ತಿ ಮಾತುಕತೆ ಟೈಮ್ ಸಮೇತ ಸೇವ್ ಮಾಡಿ. ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದ ಕನ್ನಡ, ಅರ್ಧ ವಾಕ್ಯ, "ಗೊತ್ತಿಲ್ಲ" ಅನ್ನೋದಕ್ಕೆ ಒಬ್ಬೊಬ್ರದ್ದು ಒಂದೊಂದು ಸ್ಪೆಲ್ಲಿಂಗ್, ಎಲ್ಲಾ ಅಲ್ಲೇ ಸಿಗತ್ತೆ. ನಂಗೆ ಇಡೀ ಕೆಲಸದಲ್ಲಿ ಇದಕ್ಕಿಂತ ಬೆಲೆಬಾಳೋದು ಬೇರೆ ಇಲ್ಲ.

ಅಳೆಯೋದಕ್ಕೆ ಹತ್ತು ಪ್ರಶ್ನೆಯ ಸಿಸ್ಟಂ ಯೂಸಬಿಲಿಟಿ ಸ್ಕೇಲ್ ಒಂದನ್ನೇ ನಂಬ್ಬೇಡಿ, ಅದು ಬಳಸೋಕೆ ಸುಲಭನಾ ಅಂತ ಮಾತ್ರ ಹೇಳತ್ತೆ. 1966ರ ಎಲೈಜಾ ಅನ್ನೋ ಚಾಟ್ ಪ್ರೋಗ್ರಾಂಗೆ ಏನೂ ಅರ್ಥ ಆಗ್ತಿರ್ಲಿಲ್ಲ, ಆದ್ರೂ ಜನ ಅದರ ಹತ್ರ ಮನಸ್ಸು ಬಿಚ್ಚಿ ಮಾತಾಡಿದ್ರು, ಅಂದ್ರೆ ಇಷ್ಟ ಆಗೋದೇ ಬೇರೆ ಕಲಿಯೋದೇ ಬೇರೆ. ಮುಂಚೆ ಒಂದು ಟೆಸ್ಟ್, ಆಮೇಲೆ ಬೇರೆ ಪ್ರಶ್ನೆ ಇಟ್ಟು ಇನ್ನೊಂದು, ಎರಡೂ ಬೇಕೇ ಬೇಕು.

ಪೋಷಕರ ಒಪ್ಪಿಗೆ, ಎಥಿಕ್ಸ್ ಕಮಿಟಿ ಅನುಮತಿ ಮೊದಲೇ ತಗೊಳ್ಳಿ. ಮುಗಿದ್ಮೇಲೆ ಒಳಗೆ ಮನುಷ್ಯರಿದ್ರು ಅಂತ ಮಗುಗೆ ಅವತ್ತೇ ಹೇಳಿ, ಮುಚ್ಚಿಡೋದು ಸರಿಯಲ್ಲ. ಹಾಳೆ ಬಿಟ್ಟಾಗ ಹಾಕಿದ ಆ ಗುರುತುಗಳು ಕಮ್ಮಿ ಆಗೋವರೆಗೂ ಹಾಳೆ ತಿದ್ದುತಾ ಹೋಗಿ, ಕೋಡ್ ಆಮೇಲೆ ಶುರು ಮಾಡಿ.