ಬೀದರ್ ನೆರಳು, ಬೆಂಗಳೂರು ನೆರಳು: ಎರಡು ಹೈಸ್ಕೂಲು ಸೇರಿ ಭೂಮಿ ಅಳೆಯುವುದು ಹೇಗೆ

ಇಂಟರ್ನೆಟ್ ಬಳಸಿ ಪಾಠ ಮಾಡಿ ಅಂದರೆ ಎಷ್ಟೋ ಕಡೆ ಯೂಟ್ಯೂಬ್ ಹಾಕಿ ಮಕ್ಕಳನ್ನು ಕೂರಿಸುತ್ತಾರೆ, ಇಲ್ಲವಾದರೆ ಇನ್ನೊಂದು ಶಾಲೆಗೆ ವಿಡಿಯೋ ಕಾಲ್ ಮಾಡಿ ಕೈ ಬೀಸಿಸುತ್ತಾರೆ. ಅದು ಬೇಡ. ಆ ಕಡೆಯ ಶಾಲೆ ಇಲ್ಲದಿದ್ದರೆ ಲೆಕ್ಕವೇ ಮುಗಿಯಬಾರದು, ಅಂಥ ಕೆಲಸ ಹುಡುಕಿ. ನನಗೆ ಸಿಕ್ಕಿದ್ದು ಗ್ರೀಕ್ ಪಂಡಿತ ಎರಟೋಸ್ತನೀಸ್ ಎರಡು ಸಾವಿರ ವರ್ಷಕ್ಕೂ ಹಿಂದೆ ಈಜಿಪ್ಟಿನಲ್ಲಿ ಹಾಕಿದ ಲೆಕ್ಕ: ಎರಡು ಊರಿನ ಮಧ್ಯಾಹ್ನದ ಬಿಸಿಲಿನ ಕೋನ ಹಿಡಿದು ಭೂಮಿಯ ಸುತ್ತಳತೆ ತೆಗೆಯುವುದು.

ಜೊತೆ ಶಾಲೆ ನಿಮ್ಮೂರಿಗೆ ನೇರ ಉತ್ತರಕ್ಕೋ ದಕ್ಷಿಣಕ್ಕೋ ಇರಬೇಕು, ದೂರ ಇದ್ದಷ್ಟೂ ಒಳ್ಳೆಯದು. ಬೆಂಗಳೂರು, ಬೀದರ್ ಹೇಳಿ ಮಾಡಿಸಿದ ಜೋಡಿ. ಎರಡೂ ಹೆಚ್ಚುಕಡಿಮೆ 77.5 ಡಿಗ್ರಿ ರೇಖಾಂಶದ ಮೇಲೇ ಇವೆ.

ದಿನ ಡಿಸೆಂಬರ್ 20ರಿಂದ 23ರೊಳಗೆ ಇಟ್ಟುಕೊಳ್ಳಿ. ಆಗ ಮಧ್ಯಾಹ್ನದ ಸೂರ್ಯನ ಎತ್ತರ ದಿನದಿಂದ ದಿನಕ್ಕೆ ಬದಲಾಗುವುದೇ ಇಲ್ಲ ಅನ್ನಬಹುದು, ಒಂದು ಊರಲ್ಲಿ ಮೋಡ ಕವಿದರೆ ಅವರು ಮಾರನೇ ದಿನ ಅಳೆದರೂ ನಡೆಯುತ್ತದೆ.

ಒಂದು ಮೀಟರ್ ಕೋಲು ನೆಡಿಸಿ. ದಾರಕ್ಕೆ ಕಲ್ಲು ಕಟ್ಟಿ ಪಕ್ಕದಲ್ಲಿ ಇಳಿಬಿಟ್ಟು ನೋಡಿ, ಕೋಲು ವಾಲಿರಬಾರದು. ಗಡಿಯಾರದ 12 ಗಂಟೆ ನಂಬಬೇಡಿ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ ಲೆಕ್ಕದ್ದು, ಹಾಗಾಗಿ ಈ ಎರಡೂ ಊರಲ್ಲಿ ನೆರಳು ತೀರಾ ಚಿಕ್ಕದಾಗುವುದು 12:18ರ ಆಸುಪಾಸಿಗೆ. 12ರಿಂದ 12:40ರವರೆಗೆ ಮೂರು ನಿಮಿಷಕ್ಕೊಮ್ಮೆ ಸೀಮೆಸುಣ್ಣದಲ್ಲಿ ಗುರುತು ಹಾಕಿಸಿ. ತೀರಾ ಚಿಕ್ಕ ನೆರಳು ಬೆಂಗಳೂರಲ್ಲಿ ಸುಮಾರು 74 ಸೆಂ.ಮೀ., ಬೀದರಲ್ಲಿ 88 ಬರಬೇಕು. ಆದರೆ ಇದನ್ನು ಮಕ್ಕಳಿಗೆ ಮೊದಲೇ ಹೇಳಬೇಡಿ!

ಕಂಪ್ಯೂಟರ್ ಲ್ಯಾಬ್ ಏನೂ ಬೇಕಿಲ್ಲ, ಮೇಷ್ಟ್ರ ಫೋನೇ ಸಾಕು. ಒಂದು ಗೂಗಲ್ ಶೀಟು, ಶಾಲೆಗೊಂದು ಕಾಲಂ. ನೆರಳಿನ ಉದ್ದವನ್ನು ಕೋಲಿನ ಉದ್ದದಿಂದ ಭಾಗಿಸಿ, ಕ್ಯಾಲ್ಕುಲೇಟರಿನಲ್ಲಿ ಟ್ಯಾನ್ ಇನ್ವರ್ಸ್ (tan⁻¹) ಒತ್ತಿದರೆ ಬಿಸಿಲಿನ ಕೋನ (ಅದು ಡಿಗ್ರಿ ಬದಲು ರೇಡಿಯನ್ನಲ್ಲಿ ಇದ್ದರೆ ಅರ್ಧ ಗಂಟೆ ಹೋಯಿತು ಅಂತಲೇ ಲೆಕ್ಕ). ಎಂಟು, ಒಂಬತ್ತನೇ ಕ್ಲಾಸಿನವರಾದರೆ ಗ್ರಾಫ್ ಹಾಳೆಯಲ್ಲಿ ತ್ರಿಕೋನ ಬರೆದು ಕೋನಮಾಪಕದಲ್ಲಿ ಅಳೆಯಲಿ. ಎರಡು ಕೋನಗಳ ವ್ಯತ್ಯಾಸ ಅಂದರೆ ಭೂಮಿಯ 360 ಡಿಗ್ರಿ ಸುತ್ತಿನಲ್ಲಿ ಈ ಎರಡು ಊರಿನ ನಡುವಿನ ಪಾಲು; ಅದರಿಂದ 360ನ್ನು ಭಾಗಿಸಿ, ಊರುಗಳ ನಡುವಿನ ದೂರದಿಂದ ಗುಣಿಸಿ. ದೂರ ಅಂದರೆ ಬಸ್ಸಿನ ದಾರಿ ಅಲ್ಲ, ಗೂಗಲ್ ಮ್ಯಾಪಿನಲ್ಲಿ ನೇರ ಗೆರೆ ಎಳೆದು ನೋಡಿದ್ದು, ಸುಮಾರು 550 ಕಿ.ಮೀ.

ಒಂದು ಸೆಂ.ಮೀ. ತಪ್ಪಿದರೆ ಭೂಮಿ ಸುಮಾರು 3,000 ಕಿ.ಮೀ. ಹಿಗ್ಗುತ್ತದೆ, ಇಲ್ಲವೇ ಕುಗ್ಗುತ್ತದೆ. ಜಗಳ ಶುರುವಾಗುವುದೇ ಇಲ್ಲಿ, ತಪ್ಪು ನಮ್ಮದಾ ನಿಮ್ಮದಾ ಅಂತ. ವಿಡಿಯೋ ಕಾಲ್ ಈಗ ಮಾಡಿಸಿ. ನಮ್ಮಲ್ಲಿ ಒಬ್ಬ, ಉತ್ತರ ಸುಮಾರು 40 ಸಾವಿರ ಅಂತ ನೆಟ್ಟಲ್ಲಿ ನೋಡಿಕೊಂಡು ಬಂದು, ಸುಮ್ನೆ 75ನ್ನು 74 ಮಾಡಿಬಿಟ್ಟಿದ್ದ. ಯಾರು ಯಾವಾಗ ತಿದ್ದಿದರು ಅಂತ ಶೀಟಿನ ಹಳೇ ಆವೃತ್ತಿಯಲ್ಲಿ ಇದ್ದೇ ಇರುತ್ತದಲ್ವಾ, ಬೀದರಿನ ಹುಡುಗಿಯರು ಐದೇ ನಿಮಿಷಕ್ಕೆ ಹಿಡಿದರು. ಮಾರನೇ ದಿನ ಅವನ ಕೈಯಲ್ಲೇ ಕೋಲು ನೆಡಿಸಿದೆವು.