ಹಳೇ ಕಂಪ್ಯೂಟರಿಗೆ ಯಾವ ಓಎಸ್? ಬದಲಿಸುವ ಮುಂಚೆ ಇಷ್ಟು ಮಾಡಿ ನೋಡಿ

ವಿಂಡೋಸ್ 10ಕ್ಕೆ ಕೊಡುತ್ತಿದ್ದ ಮಾಮೂಲಿ ಸೆಕ್ಯುರಿಟಿ ಅಪ್‌ಡೇಟನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ಆಮೇಲೆ ಏಳೆಂಟು ವರ್ಷದ ಹಳೇ ಕಂಪ್ಯೂಟರ್ ಇಟ್ಟುಕೊಂಡವರೆಲ್ಲ ಕೇಳುತ್ತಿರುವುದು ಒಂದೇ. ವಿಂಡೋಸ್ 11 ಹಾಕಿಸಲೋ, ಲಿನಕ್ಸಿಗೆ ಹೋಗಲೋ, ಇಲ್ಲಾ ದುಡ್ಡು ಹೊಂದಿಸಿ ಮ್ಯಾಕನ್ನೇ ತಗೊಳ್ಳಲೋ? ಗೊತ್ತಿರುವ ಹುಡುಗರನ್ನು ಕೇಳಿದರೆ ಒಬ್ಬೊಬ್ಬ ಒಂದೊಂದು ಪಾರ್ಟಿ. ಲಿನಕ್ಸ್ ಹುಡುಗನಿಗೆ ವಿಂಡೋಸ್ ಕಂಡರಾಗದು. ಮ್ಯಾಕ್ ಇರುವವನಿಗೆ ಇಬ್ಬರ ಮೇಲೂ ಕನಿಕರ.

ಈ ಜಗಳಕ್ಕೆ ನೀವು ಇಳಿಯಬೇಕಿಲ್ಲ. ನಿಮಗೆ ಸಿಟ್ಟು ತರಿಸುವ ಎಷ್ಟೋ ತೊಂದರೆಗೆ ಓಎಸ್ (ವಿಂಡೋಸ್, ಲಿನಕ್ಸಿನ ಹಾಗೆ ಕಂಪ್ಯೂಟರನ್ನು ನಡೆಸುವ ಮೂಲ ಪ್ರೋಗ್ರಾಂ) ಕಾರಣವೇ ಅಲ್ಲ. ಯಾವ ಓಎಸ್ ಸರಿ ಅನ್ನುವುದನ್ನು ಕೊನೆಗೆ ತೀರ್ಮಾನಿಸುವುದು ನೀವು ಬಿಡಲಾಗದ ಒಂದೋ ಎರಡೋ ಪ್ರೋಗ್ರಾಂ. ಅದನ್ನು ಕಂಡುಕೊಳ್ಳುವ ದಾರಿ ಹೀಗೆ.

ಹೆಜ್ಜೆ 1: ತೊಂದರೆ ಎಲ್ಲಿದೆ ಹುಡುಕಿ

ಕಂಪ್ಯೂಟರ್ ಸ್ಲೋ ಅನ್ನುವ ದೂರಿನಿಂದಲೇ ಶುರು ಮಾಡೋಣ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಎಂಬಲ್ಲಿಗೆ ಹೋಗಿ ಡಿಸ್ಕ್ ಮತ್ತು ಮೆಮೊರಿ ನೋಡಿ. ಆನ್ ಮಾಡಿದ ಮೇಲೆ ತುಂಬಾ ಹೊತ್ತು ಡಿಸ್ಕ್ 100 ಪರ್ಸೆಂಟಿನಲ್ಲೇ ನಿಂತಿದೆಯೇ? ಡಿಸ್ಕ್ ಪಕ್ಕದಲ್ಲಿ ಎಚ್‌ಡಿಡಿ ಅಂತ ಬರೆದಿದೆಯೇ? ಹಾಗಿದ್ದರೆ ಕಳ್ಳ ಸಿಕ್ಕಿದ. ಒಳಗೆ ತಿರುಗುವ ಹಳೇ ಹಾರ್ಡ್ ಡಿಸ್ಕ್ ಇದೆ. ಅದನ್ನು ತೆಗೆಸಿ ತಿರುಗುವ ಭಾಗವೇ ಇಲ್ಲದ, ವೇಗದ ಎಸ್‌ಎಸ್‌ಡಿ ಹಾಕಿಸಿದರೆ ಅದೇ ವಿಂಡೋಸ್ ಹೊಸ ಮಷೀನಿನ ಹಾಗೆ ಓಡುತ್ತದೆ. ಹಾರ್ಡ್ ಡಿಸ್ಕ್ ಇಟ್ಟುಕೊಂಡು ಓಎಸ್ ಮಾತ್ರ ಬದಲಿಸುವುದು ನನ್ನ ಪ್ರಕಾರ ವ್ಯರ್ಥ ಶ್ರಮ. ಮೆಮೊರಿ 4 ಜಿಬಿ ಇದ್ದು ಸದಾ ತುಂಬಿರುತ್ತಿದ್ದರೆ 8 ಜಿಬಿ ಮಾಡಿಸಿ.

ಅದೇ ಟಾಸ್ಕ್ ಮ್ಯಾನೇಜರಿನಲ್ಲಿ ಸ್ಟಾರ್ಟಪ್ ಎಂಬ ಇನ್ನೊಂದು ಭಾಗವಿದೆ. ಕಂಪ್ಯೂಟರ್ ಏಳುವಾಗಲೇ ಜೊತೆಗೆ ಎದ್ದು ಕೂರುವ ಪ್ರೋಗ್ರಾಮುಗಳ ಪಟ್ಟಿ ಅದು. ಬೇಡದ್ದನ್ನು ಡಿಸೇಬಲ್ ಮಾಡಿ. ಪ್ರೋಗ್ರಾಂ ಅಳಿಸಿ ಹೋಗುವುದಿಲ್ಲ, ತಾನಾಗಿ ಏಳುವುದು ನಿಲ್ಲುತ್ತದೆ ಅಷ್ಟೇ.

ಇನ್ನೊಂದು ದೊಡ್ಡ ಸಿಟ್ಟು, ಕೆಲಸದ ಮಧ್ಯೆ ರೀಸ್ಟಾರ್ಟ್ ಮಾಡು ಎನ್ನುವ ಅಪ್‌ಡೇಟ್. ಇದು ವಿಂಡೋಸಿನದ್ದೇ ಗುಣ. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಆ್ಯಕ್ಟಿವ್ ಅವರ್ಸ್ ಅಂತ ಇದೆ. ನೀವು ಕೆಲಸ ಮಾಡುವ ಹೊತ್ತನ್ನು ಅಲ್ಲಿ ತುಂಬಿಸಿ. ಆ ಹೊತ್ತಿನಲ್ಲಿ ತಾನಾಗಿ ರೀಸ್ಟಾರ್ಟ್ ಆಗುವುದಿಲ್ಲ.

ಡೆಸ್ಕ್‌ಟಾಪಿನ ಫೈಲುಗಳ ಮೇಲೆ ಮೋಡದ ಗುರುತು ಬಂದು, ಜಾಗ ತುಂಬಿದೆ ದುಡ್ಡು ಕೊಡಿ ಅಂತ ಸಂದೇಶ ಬರುತ್ತಿದೆಯೇ? ಮೈಕ್ರೋಸಾಫ್ಟಿನ ಆನ್‌ಲೈನ್ ಉಗ್ರಾಣ ಒನ್‌ಡ್ರೈವ್ ನಿಮ್ಮ ಡೆಸ್ಕ್‌ಟಾಪನ್ನು ಆನ್‌ಲೈನ್‌ಗೆ ಏರಿಸುತ್ತಿದೆ. ಪುಕ್ಕಟೆ ಸಿಗುವ ಜಾಗ 5 ಜಿಬಿ ಮಾತ್ರ. ನಾಲ್ಕು ಮದುವೆ ಫೋಟೊ ಇದ್ದರೆ ಮುಗಿಯಿತು. ಒನ್‌ಡ್ರೈವ್ ಸೆಟ್ಟಿಂಗಿನಲ್ಲಿ ಬ್ಯಾಕಪ್ ನಿಲ್ಲಿಸಬಹುದು. ಆದರೆ ನಿಲ್ಲಿಸಿದ ಮೇಲೆ ಡೆಸ್ಕ್‌ಟಾಪ್ ಖಾಲಿ ಕಂಡರೆ ಗಾಬರಿಯಾಗಬೇಡಿ. ಫೈಲುಗಳು ಒನ್‌ಡ್ರೈವ್ ಫೋಲ್ಡರಿನೊಳಗೇ ಇರುತ್ತವೆ, ಅಲ್ಲಿಂದ ಎತ್ತಿಟ್ಟುಕೊಳ್ಳಿ.

ಇಷ್ಟಕ್ಕೇ ನಿಮ್ಮ ಸಿಟ್ಟು ಇಳಿದರೆ ಓಎಸ್ ಬದಲಿಸುವ ಗೋಜಿಗೆ ಹೋಗಬೇಡಿ. ಮುಂದಿನ ಹೆಜ್ಜೆ ಮಾತ್ರ ನೋಡಿಕೊಳ್ಳಿ.

ಹೆಜ್ಜೆ 2: ವಿಂಡೋಸ್ 11 ಕೂರುತ್ತದೆಯೇ ನೋಡಿ

ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟವೇ ನಿಮ್ಮ ಮಷೀನ್ ಯೋಗ್ಯವೋ ಅಲ್ಲವೋ ಹೇಳುತ್ತದೆ. ಕಾರಣ ಬೇಕೆಂದರೆ ಮೈಕ್ರೋಸಾಫ್ಟಿನ ಪಿಸಿ ಹೆಲ್ತ್ ಚೆಕ್ ಆ್ಯಪ್ ಹಾಕಿಕೊಳ್ಳಿ. ಮುಖ್ಯವಾಗಿ ಬೇಕಾಗಿರುವುದು ಎರಡು. ಒಂದು, ಟಿಪಿಎಂ 2.0 ಎಂಬ ಭದ್ರತಾ ಚಿಪ್. ಇನ್ನೊಂದು, ಸುಮಾರಾಗಿ 2018ರಿಂದ ಈಚಿನ ಪ್ರೊಸೆಸರ್. ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ಜನರೇಷನ್ನಿನಿಂದ ಮುಂದಿನವು ಬೇಕು.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬಿಡಿಭಾಗ ತಂದು ಜೋಡಿಸಿದ ಡೆಸ್ಕ್‌ಟಾಪ್ ಇರುವವರು ಇಲ್ಲಿ ಅವಸರ ಮಾಡಬೇಡಿ. ಅಸೆಂಬಲ್ಡ್ ಮಷೀನುಗಳಲ್ಲಿ ಟಿಪಿಎಂ ಇದ್ದರೂ ಬಯೋಸ್‌ನಲ್ಲಿ (ಆನ್ ಮಾಡಿದ ಕೂಡಲೇ, ವಿಂಡೋಸ್ ಏಳುವ ಮುಂಚೆ ತೆರೆಯುವ ಸೆಟ್ಟಿಂಗ್) ಆಫ್ ಆಗಿರುವುದುಂಟು. ಇಂಟೆಲ್ ಬೋರ್ಡಿನಲ್ಲಿ ಪಿಟಿಟಿ, ಎಎಂಡಿ ಬೋರ್ಡಿನಲ್ಲಿ ಎಫ್‌ಟಿಪಿಎಂ ಎಂಬ ಹೆಸರಿರುತ್ತದೆ. ಅದನ್ನು ಆನ್ ಮಾಡಿ ಮತ್ತೆ ಪರೀಕ್ಷಿಸಿ. ಹೊಸ ಮಷೀನ್ ತಗೊಳ್ಳಿ ಅಂತ ಅಂಗಡಿಯವರು ಹೇಳುವ ಮುಂಚೆ ಈ ಸ್ವಿಚ್ ಒಮ್ಮೆ ನೋಡಿಬಿಡಿ.

ಯೋಗ್ಯ ಅಲ್ಲ ಅಂತ ಬಂದರೂ ಕಂಪ್ಯೂಟರ್ ನಿಂತು ಹೋಗುವುದಿಲ್ಲ. ಹೊಸದಾಗಿ ಪತ್ತೆಯಾಗುವ ತೂತುಗಳಿಗೆ ತೇಪೆ ಬರುವುದಿಲ್ಲ, ಅದೇ ಅಪಾಯ. ಇದಕ್ಕೆ ಮೈಕ್ರೋಸಾಫ್ಟ್ ಒಂದು ವರ್ಷದ ಸಮಯ ಕೊಟ್ಟಿದೆ. ಇಎಸ್‌ಯು ಎಂಬ ಆ ಯೋಜನೆಗೆ ವಿಂಡೋಸ್ ಅಪ್‌ಡೇಟ್ ಪುಟದಿಂದಲೇ ಸೇರಬಹುದು. ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್ ಸಿಂಕ್ ಮಾಡಿದರೆ ಪುಕ್ಕಟೆ. 2026ರ ಅಕ್ಟೋಬರ್ 13ರವರೆಗೆ ಅಪ್‌ಡೇಟ್ ಬರುತ್ತದೆ ಎಂದು ಕಂಪನಿ ಹೇಳಿದೆ. ಯೋಚನೆ ಮಾಡಲು ಇದು ಸಾಕಷ್ಟು ಸಮಯ.

ಹೆಜ್ಜೆ 3: ಬಿಡಲಾಗದ ಪ್ರೋಗ್ರಾಮುಗಳನ್ನು ಬರೆದಿಡಿ

ಒಂದು ಹಾಳೆ ತಗೊಳ್ಳಿ. ಒಂದು ವಾರ ಕಂಪ್ಯೂಟರಿನಲ್ಲಿ ಏನೇನು ತೆರೆಯುತ್ತೀರಿ ಬರೆಯುತ್ತಾ ಹೋಗಿ. ಬ್ರೌಸರಿನಲ್ಲಿ ಆಗುವ ಕೆಲಸಕ್ಕೆ ಯಾವ ಓಎಸ್ ಆದರೂ ನಡೆಯುತ್ತದೆ. ಇಮೇಲ್, ಯೂಟ್ಯೂಬ್, ನೆಟ್‌ಬ್ಯಾಂಕಿಂಗ್, ಆಧಾರ್ ಒಟಿಪಿಯಲ್ಲಿ ಮುಗಿಯುವ ಆದಾಯ ತೆರಿಗೆ ರಿಟರ್ನ್, ಇವೆಲ್ಲ ಅದೇ ಸಾಲಿಗೆ ಸೇರುತ್ತವೆ. ಅವನ್ನು ಹೊಡೆದು ಹಾಕಿ. ಉಳಿದದ್ದನ್ನು ನೋಡಿ.

ಟ್ಯಾಲಿ ಉಳಿದಿದೆಯೇ? ಬೆಂಗಳೂರಿನದ್ದೇ ಕಂಪನಿ, ಆದರೆ ಪ್ರೋಗ್ರಾಂ ವಿಂಡೋಸಿಗೆ ಮಾತ್ರ. ಟೆಂಡರ್, ಕಂಪನಿ ಫೈಲಿಂಗ್ ಅಂತ ಡಿಜಿಟಲ್ ಸಹಿಯ ಟೋಕನ್ ಚುಚ್ಚಿ ಕೆಲಸ ಮಾಡುವವರೂ ವಿಂಡೋಸಿನಲ್ಲೇ ಇರಿ. ಟೋಕನ್ನಿಗೆ ಲಿನಕ್ಸ್ ಡ್ರೈವರ್ ಸಿಗಬಹುದು, ಆದರೆ ಕೊನೇ ದಿನ ಸಂಜೆ ಸಹಿ ಬೀಳದೆ ಒದ್ದಾಡುವುದು ಯಾರಿಗೆ ಬೇಕು? ಮದುವೆ ಕಾರ್ಡು, ಫ್ಲೆಕ್ಸ್ ಡಿಸೈನ್ ಮಾಡುವವರಿಗೂ ಇದೇ ಮಾತು. ಫೋಟೊಶಾಪ್, ಕೋರೆಲ್ ಡ್ರಾ ಲಿನಕ್ಸಿಗೆ ಬರುವುದಿಲ್ಲ.

ವರ್ಡ್, ಎಕ್ಸೆಲ್ ಅಷ್ಟು ದೊಡ್ಡ ತೊಡಕಲ್ಲ. ಲಿನಕ್ಸಿನಲ್ಲಿ ಪುಕ್ಕಟೆ ಸಿಗುವ ಲಿಬ್ರೆಆಫೀಸ್ ಆ ಫೈಲುಗಳನ್ನು ತೆರೆಯುತ್ತದೆ. ಪತ್ರ, ಸಣ್ಣ ಲೆಕ್ಕಕ್ಕೆ ಧಾರಾಳ ಸಾಕು. ಮ್ಯಾಕ್ರೋ ತುಂಬಿದ ಎಕ್ಸೆಲ್ ಹಾಳೆಗಳು, ಬಾಕ್ಸು ಬಾರ್ಡರು ಜಾಸ್ತಿ ಇರುವ ವರ್ಡ್ ಪುಟಗಳು ಮಾತ್ರ ಕೆಡುತ್ತವೆ.

ಪ್ರಿಂಟರನ್ನೂ ಪಟ್ಟಿಗೆ ಸೇರಿಸಿ. ಎಚ್‌ಪಿಯ ಬಹಳಷ್ಟು ಪ್ರಿಂಟರುಗಳು ಲಿನಕ್ಸಿಗೆ ಸಿಕ್ಕಿಸಿದ ಕೂಡಲೇ ಕೆಲಸ ಮಾಡುತ್ತವೆ. ನಮ್ಮ ಜೆರಾಕ್ಸ್ ಅಂಗಡಿಗಳಲ್ಲಿ ಕಾಣುವ ಕ್ಯಾನನ್ ಎಲ್‌ಬಿಪಿ 2900 ಹಾಗಲ್ಲ. ಅದಕ್ಕೆ ಬೇರೆ ಡ್ರೈವರ್ ಹುಡುಕಿ ಹಾಕಬೇಕು, ಹಾಕಿದರೂ ಹಟ ಮಾಡುತ್ತದೆ.

ಹೆಜ್ಜೆ 4: ಕನ್ನಡದ ಪರೀಕ್ಷೆ

ಓಎಸ್ ಹೋಲಿಸುವ ಇಂಗ್ಲಿಷ್ ವಿಡಿಯೊಗಳಲ್ಲಿ ಈ ಹೆಜ್ಜೆ ಇರುವುದೇ ಇಲ್ಲ. ಕನ್ನಡದಲ್ಲಿ ಬರೆಯುವವರಿಗೆ ಎಲ್ಲಕ್ಕಿಂತ ಮುಖ್ಯ ಇದೇ.

ಮೊದಲು ಹಳೇ ಫೈಲುಗಳು. ನುಡಿ, ಬರಹದ ಹಳೇ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತ ನಿಮ್ಮಲ್ಲಿದ್ದರೆ ಅವು ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಪದ್ಧತಿ) ಅಲ್ಲದೇ ಇರಬಹುದು. ಹಳೇ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಕೂರಿಸುತ್ತಿದ್ದರು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ತಲೆ ಮೇಲೆ ಟೋಪಿ, ಚುಕ್ಕಿ ಇಟ್ಟುಕೊಂಡ ರೋಮನ್ ಅಕ್ಷರಗಳ ಸಾಲು ಕಾಣುತ್ತದೆ. ನಿಮ್ಮ ಫೈಲ್ ಯಾವ ಜಾತಿ ಅಂತ ತಿಳಿಯಲು ಒಂದು ಸಾಲು ಕಾಪಿ ಮಾಡಿ ವಾಟ್ಸ್ಆ್ಯಪ್ ಮೆಸೇಜಿಗೆ ಪೇಸ್ಟ್ ಮಾಡಿ. ಕನ್ನಡವಾಗಿಯೇ ಕಂಡರೆ ಯೂನಿಕೋಡ್. ಇಲ್ಲವಾದರೆ ಹಳೇದು.

ಹಳೇದಾಗಿದ್ದರೆ ಈಗಿರುವ ವಿಂಡೋಸ್ ಕೆಲಸ ಮಾಡುತ್ತಿರುವಾಗಲೇ ಯೂನಿಕೋಡಿಗೆ ಬದಲಿಸಿಕೊಳ್ಳಿ. ಅದಕ್ಕೆ ಕನ್ವರ್ಟರುಗಳಿವೆ. ಬದಲಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ ಇರುವ ಪದಗಳನ್ನು ಕಣ್ಣಾರೆ ನೋಡಿ, ಎಡವಟ್ಟಾಗುವುದು ಹೆಚ್ಚಾಗಿ ಅಲ್ಲೇ. ಮೂಲ ಫೈಲನ್ನು ಅಳಿಸಬೇಡಿ. ಹಳೇ ಫಾಂಟ್ ಫೈಲನ್ನೂ ಪೆನ್‌ಡ್ರೈವಿಗೆ ಎತ್ತಿಟ್ಟುಕೊಳ್ಳಿ. ಅದನ್ನು ಲಿನಕ್ಸಿಗೋ ಮ್ಯಾಕಿಗೋ ಹಾಕಿದರೆ ಹಳೇ ಕಡತ ಓದಲಿಕ್ಕಾದರೂ ಆಗುತ್ತದೆ.

ಇನ್ನು ಟೈಪಿಂಗ್. ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಕನ್ನಡ ಪಡೆಯುವ ಅಭ್ಯಾಸವಿದ್ದರೆ ವಿಂಡೋಸಿನಲ್ಲೇ ಕನ್ನಡ ಫೊನೆಟಿಕ್ ಕೀಬೋರ್ಡ್ ಇದೆ. 2019ರ ಮೇ ಅಪ್‌ಡೇಟಿನಲ್ಲಿ ಬಂದಿದ್ದು. ಭಾಷೆಗಳ ಸೆಟ್ಟಿಂಗಿನಲ್ಲಿ ಕನ್ನಡ ಸೇರಿಸಿ, ಅದರ ಆಪ್ಷನ್ಸ್‌ನಲ್ಲಿ ಕೀಬೋರ್ಡ್ ಸೇರಿಸಿ. ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ.

ಕೆ.ಪಿ. ರಾವ್ ವಿನ್ಯಾಸದಿಂದ ಬಂದ ನುಡಿ ಕೀಬೋರ್ಡಿಗೆ ಬೆರಳು ಪಳಗಿದವರ ಕಥೆಯೇ ಬೇರೆ. ಎಫ್ ಒತ್ತಿ ಒತ್ತಕ್ಷರ ಮೂಡಿಸುವವರಿಗೆ ಇನ್ನೊಂದು ಪದ್ಧತಿ ಕಲಿ ಅಂದರೆ ಕೈ ಮುರಿದ ಹಾಗೆ. ಲಿನಕ್ಸಿನಲ್ಲಿ ಇವರಿಗೆ ಒಳ್ಳೇ ಸುದ್ದಿ ಇದೆ. ಲಿನಕ್ಸಿನ ಒಂದು ಬಗೆಯಾದ ಲಿನಕ್ಸ್ ಮಿಂಟ್‌ನ ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಐಬಸ್ ಎಂ17ಎನ್ (ibus-m17n) ಎಂಬ ಟೈಪಿಂಗ್ ಪ್ರೋಗ್ರಾಂ ಹುಡುಕಿ ಹಾಕಿಕೊಳ್ಳಿ. ಇನ್‌ಪುಟ್ ಮೆಥಡ್ ಸೆಟ್ಟಿಂಗಿನಲ್ಲಿ ಐಬಸ್ ಆರಿಸಿ, ಒಮ್ಮೆ ಲಾಗೌಟ್ ಮಾಡಿ ಮತ್ತೆ ಒಳಗೆ ಬನ್ನಿ. ಐಬಸ್ ಪಟ್ಟಿಗೆ ಕನ್ನಡ ಸೇರಿಸುವಾಗ ಕೆಜಿಪಿ (kgp) ಎಂಬುದನ್ನು ಆರಿಸಿಕೊಳ್ಳಿ, ನುಡಿ ಕೀಬೋರ್ಡ್ ಅದೇ. ಐಟ್ರಾನ್ಸ್, ಇನ್‌ಸ್ಕ್ರಿಪ್ಟ್ ಕೂಡ ಅಲ್ಲೇ ಇವೆ.

ಹೆಜ್ಜೆ 5: ಬ್ಯಾಕಪ್

ಚರ್ಚೆಗೆ ಜಾಗವಿಲ್ಲ, ಮಾಡಿ. ಎರಡು ಕಡೆ ಮಾಡಿ. ಜನ ಮರೆಯುವುದು ಡೌನ್‌ಲೋಡ್ಸ್ ಫೋಲ್ಡರ್, ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್ ಮತ್ತು ಟ್ಯಾಲಿಯ ಡೇಟಾ ಫೋಲ್ಡರ್. ಡಿಸ್ಕಿಗೆ ಬಿಟ್‌ಲಾಕರ್ ಎಂಬ ವಿಂಡೋಸಿನ ಬೀಗ ಹಾಕಿದೆಯೇ ನೋಡಿಕೊಳ್ಳಿ. ಹಾಕಿದ್ದರೆ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಡಿ. ಬಯೋಸ್ ಮುಟ್ಟಿದ ಮೇಲೆ ಅದನ್ನು ಕೇಳುವ ಸಾಧ್ಯತೆ ಇದೆ, ಇಲ್ಲದಿದ್ದರೆ ಬಾಗಿಲು ತೆರೆಯುವುದಿಲ್ಲ.

ಹೆಜ್ಜೆ 6: ಇನ್‌ಸ್ಟಾಲ್ ಮಾಡದೆ ಲಿನಕ್ಸ್ ನೋಡಿ

ಪಟ್ಟಿಯಲ್ಲಿ ತೊಡಕಿಲ್ಲ, ವಿಂಡೋಸ್ 11 ಕೂರುವುದಿಲ್ಲ ಅಂದರೆ ಲಿನಕ್ಸ್ ಮಿಂಟ್ ನೋಡಿ. ವಿಂಡೋಸ್ ಬಳಸಿದವರಿಗೆ ಬೇಗ ಕೈಗೆ ಹತ್ತುತ್ತದೆ. ಸ್ಟಾರ್ಟ್ ಮೆನು ಇದ್ದ ಮೂಲೆಯಲ್ಲೇ ಇದರ ಮೆನು ಇದೆ. 2 ಜಿಬಿ ರ‍್ಯಾಮ್ ಇದ್ದರೂ ಓಡುತ್ತದೆ ಎನ್ನುತ್ತಾರೆ ಮಾಡಿದವರು, ಆದರೂ 4 ಜಿಬಿ ಇರಲಿ. ತೀರಾ ಹಳೇ ಮಷೀನಿಗೆ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಆರಿಸಿ. 2024ರಲ್ಲಿ ಬಂದ ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಇದೆ.

ಮಿಂಟ್‌ನ ಐಎಸ್‌ಒ ಫೈಲ್ (ಇಡೀ ಓಎಸ್ ತುಂಬಿದ ಒಂದೇ ಫೈಲ್) ಇಳಿಸಿಕೊಂಡು ರೂಫಸ್ ಎಂಬ ಪುಟ್ಟ ಪ್ರೋಗ್ರಾಮಿನಿಂದ 8 ಜಿಬಿ ಪೆನ್‌ಡ್ರೈವಿಗೆ ಬರೆಯಿರಿ. ಪೆನ್‌ಡ್ರೈವಿನಲ್ಲಿದ್ದದ್ದೆಲ್ಲ ಅಳಿಸುತ್ತದೆ. ಆಮೇಲೆ ರೀಸ್ಟಾರ್ಟ್ ಮಾಡಿ, ಬೂಟ್ ಮೆನು ಕೀ ಒತ್ತುತ್ತಾ ಇರಿ. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಪೆನ್‌ಡ್ರೈವಿನಿಂದಲೇ ಮಿಂಟ್ ಓಡುತ್ತದೆ, ನೀವಾಗಿ ಇನ್‌ಸ್ಟಾಲ್ ಒತ್ತುವ ತನಕ ವಿಂಡೋಸನ್ನು ಮುಟ್ಟುವುದಿಲ್ಲ.

ಇಲ್ಲಿ ವೇಗ ನೋಡಿ ತೀರ್ಪು ಕೊಡಬೇಡಿ, ಪೆನ್‌ಡ್ರೈವಿನ ವೇಗ ಅದು. ವೈಫೈ ಸಿಗುತ್ತದೆಯೇ, ಸೌಂಡ್ ಬರುತ್ತದೆಯೇ, ಕ್ಯಾಮೆರಾ ಕೆಲಸ ಮಾಡುತ್ತದೆಯೇ, ಮುಚ್ಚಳ ಮುಚ್ಚಿ ತೆರೆದರೆ ಏಳುತ್ತದೆಯೇ, ಪ್ರಿಂಟ್ ಬರುತ್ತದೆಯೇ ಅಂತ ಒಂದೊಂದಾಗಿ ನೋಡಿ. ವೈಫೈ ಸಿಗದಿದ್ದರೆ ಮೊಬೈಲನ್ನು ಯುಎಸ್‌ಬಿ ಕೇಬಲ್‌ನಲ್ಲಿ ಸಿಕ್ಕಿಸಿ ನೆಟ್ ಕೊಟ್ಟು, ಡ್ರೈವರ್ ಮ್ಯಾನೇಜರ್ ತೆರೆಯಿರಿ. ಹಲವು ಸಲ ಅಲ್ಲೇ ಪರಿಹಾರ ಇರುತ್ತದೆ.

ಮ್ಯಾಕ್ ಮತ್ತು ಕ್ರೋಮ್ ಬಗ್ಗೆ ಎರಡು ಮಾತು

ಸೆಕೆಂಡ್ ಹ್ಯಾಂಡ್ ಮ್ಯಾಕ್‌ಬುಕ್ ಅಗ್ಗಕ್ಕೆ ಸಿಕ್ಕಿತು ಅಂತ ತಗೊಳ್ಳುವ ಮುಂಚೆ ಒಳಗಿನ ಚಿಪ್ ಕೇಳಿ. 2020ರ ಕೊನೆಗೆ ಬಂದ ಎಂ1 ಅಥವಾ ಅದರ ನಂತರದ್ದಾದರೆ ಸರಿ. ಇಂಟೆಲ್ ಚಿಪ್ಪಿನ ಮ್ಯಾಕುಗಳಿಗೆ ಮ್ಯಾಕ್‌ಓಎಸ್ 26 ಕೊನೆಯದು ಎಂದು ಆಪಲ್ ಹೇಳಿಯಾಗಿದೆ, ಅದೂ ಎಲ್ಲ ಇಂಟೆಲ್ ಮಾಡೆಲ್‌ಗೂ ಬರುವುದಿಲ್ಲ. ಬ್ಯಾಟರಿ, ಸ್ಕ್ರೀನ್ ವಿಷಯದಲ್ಲಿ ಮ್ಯಾಕನ್ನು ಹೊಗಳಲೇಬೇಕು. ಆದರೆ ವಿಂಡೋಸಿನಲ್ಲಿ ಬಳಸುತ್ತಿದ್ದ ಎನ್‌ಟಿಎಫ್‌ಎಸ್ (ವಿಂಡೋಸಿನ ಮಾಮೂಲಿ ಫಾರ್ಮ್ಯಾಟ್) ಹಾರ್ಡ್ ಡಿಸ್ಕ್ ಸಿಕ್ಕಿಸಿದರೆ ಫೈಲ್ ಓದಬಹುದು, ಹೊಸದಾಗಿ ಹಾಕಲಿಕ್ಕೆ ಆಗುವುದಿಲ್ಲ. ಎರಡೂ ಕಡೆ ಓಡಾಡುವ ಡ್ರೈವನ್ನು ಎಕ್ಸ್‌ಫ್ಯಾಟ್ ಆಗಿ ಫಾರ್ಮ್ಯಾಟ್ ಮಾಡಿಕೊಳ್ಳಿ.

ಯೂಟ್ಯೂಬು, ಪೇಪರು, ಮೇಲು ಇಷ್ಟೇ ಸಾಕು ಅನ್ನುವ ಅಪ್ಪ ಅಮ್ಮನ ಹಳೇ ಲ್ಯಾಪ್‌ಟಾಪಿಗೆ ಗೂಗಲ್‌ನ ಕ್ರೋಮ್‌ಓಎಸ್ ಫ್ಲೆಕ್ಸ್ ಚೆನ್ನ, ಪುಕ್ಕಟೆ. ಆಂಡ್ರಾಯ್ಡ್ ಆ್ಯಪ್ ಮಾತ್ರ ಅದರಲ್ಲಿ ಬರುವುದಿಲ್ಲ.

ಹೆಜ್ಜೆ 7: ಎರಡನ್ನೂ ಇಟ್ಟುಕೊಳ್ಳುವುದಾದರೆ

ಡಿಸ್ಕಿನಲ್ಲಿ ಜಾಗ ಇದ್ದರೆ ವಿಂಡೋಸ್ ಜೊತೆಗೇ ಮಿಂಟ್ ಹಾಕಬಹುದು. ಮೊದಲು ವಿಂಡೋಸಿನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಅದು ಆನ್ ಇದ್ದರೆ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ. ಮಿಂಟ್ ಇನ್‌ಸ್ಟಾಲ್ ಆಗುವಾಗ ವಿಂಡೋಸ್ ಪಕ್ಕದಲ್ಲಿ ಹಾಕು ಎಂಬ ಆಯ್ಕೆ ಮತ್ತು ಡಿಸ್ಕ್ ಪೂರ್ತಿ ಅಳಿಸು ಎಂಬ ಆಯ್ಕೆ ಒಂದರ ಕೆಳಗೊಂದು ಇರುತ್ತವೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿ ಒತ್ತಿ.

ಆಮೇಲೆ ಒಂದು ವಿಚಿತ್ರ ಕಾಣುತ್ತದೆ. ಮಿಂಟ್‌ನಿಂದ ವಿಂಡೋಸಿಗೆ ಬಂದರೆ ಗಡಿಯಾರ ಐದೂವರೆ ಗಂಟೆ ಹಿಂದೆ ಇರುತ್ತದೆ. ಬ್ಯಾಟರಿ ಸೆಲ್ ಹೋಗಿದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬೋರ್ಡಿನೊಳಗಿನ ಗಡಿಯಾರವನ್ನು ಲಿನಕ್ಸ್ ಜಾಗತಿಕ ಸಮಯಕ್ಕೆ ಇಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯ ಅಂದುಕೊಳ್ಳುತ್ತದೆ. ಲಿನಕ್ಸಿಗೂ ಸ್ಥಳೀಯ ಸಮಯವನ್ನೇ ಬಳಸು ಅಂತ ಒಂದು ಸಾಲಿನ ಕಮಾಂಡಿನಲ್ಲಿ ಹೇಳಿದರೆ ಸರಿಯಾಗುತ್ತದೆ. ಮಾಡದೇ ಬಿಟ್ಟರೆ ವಿಂಡೋಸಿನಲ್ಲಿ ಉಳಿಸುವ ಫೈಲಿಗೆ ತಪ್ಪು ಹೊತ್ತು, ಕೆಲವೊಮ್ಮೆ ಹಿಂದಿನ ದಿನದ ತಾರೀಕೂ ಬೀಳಬಹುದು.

ಬ್ಯಾಂಕ್ ಕೆಲಸ, ಇಮೇಲ್, ಬ್ರೌಸಿಂಗ್ ಎಲ್ಲ ಮಿಂಟ್‌ನಲ್ಲಿರಲಿ. ಇಎಸ್‌ಯು ಮುಗಿದ ಮೇಲೆ ವಿಂಡೋಸ್ 10 ಕಡೆ ಹೋದಾಗ ನೆಟ್ ತೆಗೆದು, ಟ್ಯಾಲಿ, ನುಡಿಯ ಹಳೇ ಕಡತ, ಹಟಮಾರಿ ಪ್ರಿಂಟರ್ ಇಷ್ಟಕ್ಕೆ ಮಾತ್ರ ಬಳಸಿ.