ಬ್ರಿಟಿಷ್ ಕ್ಯಾಪ್ ಬ್ಯಾಡ್ಜ್: ಅಸಲಿಯೇ, ಯಾವ ಕಾಲದ್ದು?

ಬ್ರಿಟಿಷ್ ಸೇನೆಯ ಹಳೆಯ ಟೋಪಿ ಬ್ಯಾಡ್ಜ್ ಕೈಗೆ ಬಂದರೆ ಮೊದಲು ಅದರ ಬೆನ್ನು ನೋಡಿ. ನಕಲು ಮಾಡುವವರ ಶ್ರದ್ಧೆಯೆಲ್ಲ ಮುಂಭಾಗದ ಮೇಲೆ; ಸಿಕ್ಕಿಬೀಳುವುದು ಹಿಂಭಾಗದಲ್ಲಿ. ಹತ್ತು ಪಟ್ಟು ಹಿಗ್ಗಿಸುವ ಲೂಪ್ ಎಂಬ ಭೂತಗನ್ನಡಿ, ಒಂದು ಅಯಸ್ಕಾಂತ, ಅಳತೆಗೆ ಒಂದು ಕ್ಯಾಲಿಪರ್ ಇದ್ದರೆ ಸಾಕು.

ಸಾಮಾನ್ಯ ಸೈನಿಕರ ಬ್ಯಾಡ್ಜ್‌ಗಳನ್ನು ತೆಳು ತಗಡಿನಿಂದ ಅಚ್ಚೊತ್ತಿ ಮಾಡುತ್ತಿದ್ದರು. ಹಾಗಾಗಿ ಮುಂದಿನ ಉಬ್ಬು ಹಿಂದೆ ತಗ್ಗಾಗಿ ಕಾಣಬೇಕು. ಎರಕದ ನಕಲಿನ ಬೆನ್ನು ಸಾಮಾನ್ಯವಾಗಿ ಚಪ್ಪಟೆ, ತೂಕ ಹೆಚ್ಚು, ಲೂಪ್‌ನಲ್ಲಿ ಮರಳಿನಂಥ ಸಣ್ಣ ಗುಳಿಗಳು. ಅಸಲಿಯಿಂದಲೇ ಅಚ್ಚು ತೆಗೆದಿದ್ದರೂ ಲೋಹ ಆರುವಾಗ ಕುಗ್ಗುವುದರಿಂದ ಅಳತೆ ತುಸು ಕಿರಿದಾಗುತ್ತದೆ. ಆದರೆ ಬೇರೆ ಬೇರೆ ತಯಾರಕರ ಅಚ್ಚುಗಳಲ್ಲೂ ಸಣ್ಣ ವ್ಯತ್ಯಾಸವಿತ್ತು, ಅಳತೆಯೊಂದನ್ನೇ ನಂಬಬೇಡಿ. ಹಿತ್ತಾಳೆಗೂ ನಿಕಲ್ ಬೆರೆತ ಬಿಳಿ ಮಿಶ್ರಲೋಹವಾದ ನಿಕಲ್ ಸಿಲ್ವರ್‌ಗೂ ಅಯಸ್ಕಾಂತ ಅಂಟುವುದಿಲ್ಲ. ಅಂಟಿದರೆ ಒಳಗೆ ಕಬ್ಬಿಣವಿದೆ.

ಮುಂದೆ ಜೋಡಣೆ. ಟೋಪಿಯ ಸೀಳಿಗೆ ಇಳಿಸುವ ಪಟ್ಟಿ, ಅಂದರೆ ಸ್ಲೈಡರ್, ಬಳಕೆಗೆ ಬಂದದ್ದು 1890ರ ದಶಕದಲ್ಲಿ. ಅದಕ್ಕೂ ಮೊದಲು ಇದ್ದದ್ದು ಲಗ್ ಎಂಬ ತಂತಿ ಬಳೆಗಳು. 1881ಕ್ಕಿಂತ ಹಿಂದಿನ, ಹೆಸರಿನ ಬದಲು ಸಂಖ್ಯೆ ಹೊತ್ತ ರೆಜಿಮೆಂಟಿನ ಗ್ಲೆಂಗ್ಯಾರಿ (ಮಡಚುವ ಸ್ಕಾಟಿಷ್ ಟೋಪಿ) ಬ್ಯಾಡ್ಜ್‌ಗೆ ಸ್ಲೈಡರ್ ಕಂಡರೆ ಕೆಳಗಿಡಿ. ಲಗ್ ಮಾತ್ರ ಆಮೇಲೂ ಮುಂದುವರಿಯಿತು, ಅದೊಂದೇ ಹಳೆತನಕ್ಕೆ ಸಾಕ್ಷಿಯಲ್ಲ. ಬೆಸುಗೆಯೂ ಬ್ಯಾಡ್ಜಿನಷ್ಟೇ ಮಾಸಿರಬೇಕು. ಕಪ್ಪಾದ ಬೆನ್ನಿನ ಮೇಲೆ ಹೊಳೆಯುವ ಬೆಸುಗೆಯ ಗುಡ್ಡೆ ಇದ್ದರೆ ಯಾರೋ ರಿಪೇರಿ ಮಾಡಿದ್ದಾರೆ.

ಕಾಲ ಹೇಳುವುದು ಕಿರೀಟ. ಗುಮ್ಮಟದಂತೆ ಉಬ್ಬಿದ್ದು ರಾಜರ ಕಿರೀಟ, 1901ರಿಂದ 1952ರ ಕಾಲದ್ದು. ನಡುವೆ ತಗ್ಗಿ ಎರಡೂ ಭುಜ ಎತ್ತಿದ್ದು ಎರಡನೇ ಎಲಿಜಬೆತ್ ಕಾಲದ್ದು. 2022ರಲ್ಲಿ ಮೂರನೇ ಚಾರ್ಲ್ಸ್ ಮತ್ತೆ ಗುಮ್ಮಟ ಕಿರೀಟವನ್ನೇ ಆರಿಸಿಕೊಂಡದ್ದರಿಂದ ಹೊಚ್ಚ ಹೊಸ ಬ್ಯಾಡ್ಜಿನಲ್ಲೂ ಅದು ಕಾಣಬಹುದು, ಎಚ್ಚರ.

ಕಿರೀಟವನ್ನು ರೆಜಿಮೆಂಟಿನ ಹೆಸರಿನೊಂದಿಗೆ ತಾಳೆ ನೋಡುವುದು ನಕಲಿಗೆ ಅತ್ಯಂತ ಕಠಿಣ ಪರೀಕ್ಷೆ. ಕನಾಟ್ ರೇಂಜರ್ಸ್ 1922ರಲ್ಲಿ ವಿಸರ್ಜನೆಯಾಯಿತು. ಅದಕ್ಕೆ ಎಲಿಜಬೆತ್ ಕಿರೀಟ ಅಸಾಧ್ಯ. ಮಷೀನ್ ಗನ್ ಕೋರ್ ಬದುಕಿದ್ದೇ 1915ರಿಂದ 1922ರವರೆಗೆ. ನಾರ್ಫೋಕ್ ರೆಜಿಮೆಂಟಿಗೆ ‘ರಾಯಲ್’ ಸೇರಿದ್ದು 1935ರಲ್ಲಿ, ಆದ್ದರಿಂದ ‘ರಾಯಲ್ ನಾರ್ಫೋಕ್’ ಎಂದಿರುವ ಬ್ಯಾಡ್ಜನ್ನು ಮೊದಲ ಮಹಾಯುದ್ಧದ್ದೆಂದು ಮಾರುವವರ ಮಾತಿಗೆ ಬೆಲೆ ಕೊಡಬೇಡಿ. ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿಯ ಬಿಳಿ ಲೋಹದ ಬ್ಯಾಡ್ಜಿನಲ್ಲಿ ಆನೆ, ‘ಅಸ್ಸಾಯೆ’ ಎಂಬ ಪಟ್ಟಿ ಇವೆ. ಆ ಗೌರವ 1803ರ ಅಸ್ಸಾಯೆ ಕದನದಲ್ಲಿ ಕಾದಿದ, 1881ರಲ್ಲಿ ಇದರೊಳಗೆ ವಿಲೀನವಾದ 74ನೇ ರೆಜಿಮೆಂಟಿನಿಂದ ಬಂದದ್ದು. 1799ರಲ್ಲಿ ಶ್ರೀರಂಗಪಟ್ಟಣದ ಮೇಲೆ ನುಗ್ಗಿದ ಪಡೆಗಳಲ್ಲಿಯೂ ಅದೇ ರೆಜಿಮೆಂಟ್ ಇತ್ತು.

ಲೋಹವೂ ಕಾಲ ಹೇಳುತ್ತದೆ. ನಿಕಲ್ ಉಳಿಸಲು 1916ರಲ್ಲಿ ಹಿತ್ತಾಳೆ ಮತ್ತು ಬಿಳಿ ಲೋಹ ಎರಡೂ ಇದ್ದ ಹಲವು ಬ್ಯಾಡ್ಜ್‌ಗಳನ್ನು ಬರಿ ಹಿತ್ತಾಳೆಯಲ್ಲೇ ಹೊಡೆದರು. ಎರಡನೇ ಮಹಾಯುದ್ಧದಲ್ಲಿ ಪ್ಲಾಸ್ಟಿಕ್ ಬಂತು. ಇವುಗಳ ಹಿಂದೆ ಮಡಚುವ ಲೋಹದ ನಾಲಗೆಗಳಿರುತ್ತವೆ, ಮಡಚಿ ಬಿಡಿಸಿದಷ್ಟೂ ಮುರಿಯುತ್ತವೆ. ಹಗುರವಾದ, ಮಾಸದ ಅನೋಡೈಸ್ಡ್ ಅಲ್ಯೂಮಿನಿಯಂ ಹರಡಿದ್ದು 1950ರ ದಶಕದಿಂದೀಚೆಗೆ.

ತಯಾರಕರ ಮುದ್ರೆಯನ್ನು ಕಂಡು ಮರುಳಾಗಬೇಡಿ. ಬ್ಯಾಡ್ಜ್ ತಯಾರಿಸುತ್ತಿದ್ದ ಗಾಂಟ್ ಕಂಪನಿಯ ಹೆಸರಿರುವ ಸ್ಲೈಡರ್‌ಗಳು ಸಂಗ್ರಾಹಕರಿಗಾಗಿ ಹಳೆಯ ಅಚ್ಚಿನಿಂದ ಮತ್ತೆ ಹೊಡೆದ ಬ್ಯಾಡ್ಜ್‌ಗಳ ಮೇಲೂ ಇವೆ. ಅಂಥವುಗಳ ಗೆರೆ ಚೂಪಾಗಿಯೇ ಇರುತ್ತದೆ. ಇಲ್ಲದಿರುವುದು ವರ್ಷಗಟ್ಟಲೆ ಉಜ್ಜಿದ ಸವಕಳಿ. ನಿಜವಾದ ಸವಕಳಿ ಎತ್ತರದ ಭಾಗಗಳಲ್ಲಿ ಹೆಚ್ಚು, ತಗ್ಗುಗಳಲ್ಲಿ ಕಡಿಮೆ. ಎಲ್ಲೆಡೆ ಒಂದೇ ಸಮ ಮಸುಕಾಗಿದ್ದರೆ ಅದು ಎರಕದ ಲಕ್ಷಣ.

ಪರೀಕ್ಷೆ ಮುಗಿಯುವವರೆಗೆ ಪಾಲಿಶ್ ಹಾಕಲೇಬೇಡಿ. ಬೆಸುಗೆಯ ವಯಸ್ಸು ತಿಳಿಯಲು ಇರುವ ಗುರುತೇ ಆ ಮಾಸಿದ ಬಣ್ಣ.